ಪದಚರ್ಚೆ: ‘ಟೈಪ್ ಸಿಸ್ಟಂ’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ಶರಣು.

ಗಂಗಾವತಿಯಲ್ಲಿ ಡಿಗ್ರಿ ಹುಡುಗರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಹೋದ ವಾರ ಬೋರ್ಡಿನ ಮೇಲೆ ‘ಟೈಪ್ ಥಿಯರಿ’ ಎಂದು ಬರೆದೆ. ಮುಂದಿನ ಬೆಂಚಿನ ಹುಡುಗಿ, ‘ಸರ್, ಟೈಪಿಂಗ್‌ಗೂ ಥಿಯರಿ ಇರ್ತೈತೇನ್ರಿ?’ ಎಂದು ಕೇಳಿದಳು. ತಪ್ಪು ಆಕೆಯದಲ್ಲ. ನಮ್ಮಲ್ಲಿ ಟೈಪ್ ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ಕೀಬೋರ್ಡು. ಅದಕ್ಕೇ ಒಂದು ಕನ್ನಡ ಪದ ಬೇಕಾಗಿದೆ.

ಆ ಪದ ಹೊರಬೇಕಾದ ಅರ್ಥ ಇಷ್ಟು. ಪ್ರೋಗ್ರಾಮಿನಲ್ಲಿ ಒಂದು ಮಾಹಿತಿ ಯಾವ ತರಹದ್ದು ಎಂಬುದು ಅದರ ಟೈಪ್. ಯಾವ ಟೈಪ್ ಯಾವುದರ ಜೊತೆ ಸೇರಬಹುದು ಎಂಬ ನಿಯಮಗಳೆಲ್ಲ ಸೇರಿ ಟೈಪ್ ಸಿಸ್ಟಂ, ಅದರ ಶಾಸ್ತ್ರ ಟೈಪ್ ಥಿಯರಿ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಡೆ ಭತ್ತದ ವ್ಯಾಪಾರ 75 ಕಿಲೋ ಚೀಲದ ಲೆಕ್ಕದಲ್ಲಿ ನಡೆಯುತ್ತದೆ. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್ ಲೆಕ್ಕದಲ್ಲಿ. ಒಂದು ರೈಸ್ ಮಿಲ್ಲಿಗೆ ನಾನು ಬರೆದುಕೊಟ್ಟ ಲೆಕ್ಕದ ಪ್ರೋಗ್ರಾಂ 40 ಚೀಲವನ್ನು 1,800ರಿಂದ ಗುಣಿಸುವ ಬದಲು 2,400ರಿಂದ ಗುಣಿಸಿತು. ಮೊದಲನೆಯದು ಚೀಲದ ದರ, ಎರಡನೆಯದು ಅದೇ ಭತ್ತದ ಕ್ವಿಂಟಲ್ ದರ. 72,000 ಬರಬೇಕಾದಲ್ಲಿ 96,000 ಬಂತು. ಕಂಪ್ಯೂಟರಿಗೆ ಎರಡೂ ಬರೀ ಅಂಕಿ, ತಕರಾರು ತೆಗೆಯಲಿಲ್ಲ. ಮಿಲ್ಲಿನ ಗುಮಾಸ್ತರು ಚೀಟಿ ನೋಡಿ, ‘ಇದು ಕ್ವಿಂಟಲ್ ರೇಟ್ ಐತ್ರಿ’ ಎಂದರು. ಚೀಲದ ದರ ಒಂದು ಟೈಪ್, ಕ್ವಿಂಟಲ್ ದರ ಇನ್ನೊಂದು ಟೈಪ್ ಎಂದು ಬೇರೆ ಮಾಡಿಟ್ಟಿದ್ದರೆ, ಪ್ರೋಗ್ರಾಂ ಓಡುವ ಮೊದಲೇ ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ) ತಡೆಯುತ್ತಿತ್ತು. ಇಂಟ್ (ಪೂರ್ಣಾಂಕ), ಫ್ಲೋಟ್ (ದಶಮಾಂಶ ಸಂಖ್ಯೆ), ಸ್ಟ್ರಿಂಗ್ (ಅಕ್ಷರಗಳ ಸಾಲು) ಇವು ಪ್ರೋಗ್ರಾಮಿಂಗ್ ಭಾಷೆಯೇ ಕೊಟ್ಟ ಟೈಪ್‌ಗಳು. ನಮ್ಮ ಕೆಲಸಕ್ಕೆ ಬೇಕಾದವನ್ನು ನಾವೇ ಕಟ್ಟಿಕೊಳ್ಳಬಹುದು. ವರ್ಷಗಟ್ಟಲೆ ಕೋಡ್ ಬರೆದರೂ ಇದು ನನಗೆ ಹೊಳೆದದ್ದು ಥಿಯರಿ ಓದಲು ಕೂತ ಮೇಲೆಯೇ. ‘ಬರೇ ಥಿಯರಿ, ನೌಕರಿಗೆ ಬರಂಗಿಲ್ಲ’ ಎನ್ನುವ ಹುಡುಗರಿಗೆ ಈ ಚೀಟಿಯನ್ನೇ ತೋರಿಸುತ್ತೇನೆ.

ಕಂಪ್ಯೂಟರಿಗಿಂತ ಹಳೆಯ ವಿಚಾರ ಇದು. ಗಣಗಳ ತರ್ಕದಲ್ಲಿ ಎದುರಾದ ವಿರೋಧಾಭಾಸ ಬಿಡಿಸಲು ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1908ರಲ್ಲಿ ಟೈಪ್‌ಗಳ ಸಿದ್ಧಾಂತ ಪ್ರಕಟಿಸಿದರು. 1940ರಲ್ಲಿ ಅಮೆರಿಕದ ತರ್ಕಶಾಸ್ತ್ರಜ್ಞ ಅಲೊಂಜೊ ಚರ್ಚ್ ಅದನ್ನು ಲ್ಯಾಂಬ್ಡಾ ಕ್ಯಾಲ್ಕುಲಸ್‌ಗೆ (ಲೆಕ್ಕಾಚಾರವನ್ನೆಲ್ಲ ಫಂಕ್ಷನ್‌ಗಳಿಂದಲೇ ಹೇಳುವ ಗಣಿತದ ಭಾಷೆಗೆ) ತಂದರು. ಟೈಪ್ ಸರಿಹೊಂದಿದ ಪ್ರೋಗ್ರಾಂ ಓಡುವಾಗ ಟೈಪಿನ ತಪ್ಪಿಗೆ ಬೀಳದು ಎಂದು ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ಸಾಧಿಸಿ ತೋರಿಸಿದರು. ಅಂದರೆ ಯಾವುದರ ಜೊತೆ ಯಾವುದು ಕೂಡಬಹುದು ಎಂಬ ಕಟ್ಟಳೆಯೂ ನಮ್ಮ ಪದದಲ್ಲಿ ಕೇಳಿಸಬೇಕು.

‘ವಿಧ’, ‘ಪ್ರಕಾರ’ ಬರೀ ವಿಂಗಡಣೆ ಹೇಳುತ್ತವೆ. ‘ಭತ್ತದ ಜಾತಿ’ ಎನ್ನುತ್ತೇವೆ ನಿಜ, ಆದರೆ ಆ ಪದವನ್ನು ತರಗತಿಯ ಬೋರ್ಡಿನ ಮೇಲೆ ಬರೆಯಲು ನನಗೆ ಮನಸ್ಸಿಲ್ಲ. ನಮ್ಮೂರ ಬಾಯಲ್ಲಿ ಸಲೀಸಾಗಿ ಬರುವುದು ‘ನಮೂನಿ’: ‘ಅಕ್ಕಿ ಎಷ್ಟು ನಮೂನಿ ಅದಾವ?’ ಅದು ನನಗೆ ಬಹಳ ಇಷ್ಟ. ಆದರೆ ಕಚೇರಿಯಲ್ಲಿ ನಮೂನೆ ಎಂದರೆ ತುಂಬಿಕೊಡುವ ಫಾರಂ, ಮಿಲ್ಲಿನಲ್ಲಿ ಸ್ಯಾಂಪಲ್. ಉಳಿದದ್ದು ‘ಬಗೆ’. ಹಳಗನ್ನಡದಲ್ಲಿ ಅದಕ್ಕೆ ಮನಸ್ಸು ಎಂಬ ಅರ್ಥವೂ ಇದೆ, ಅದೇನೂ ತೊಡಕಲ್ಲ. ಟೈಪ್‌ಗೆ ಬಗೆ, ಟೈಪ್ ಸಿಸ್ಟಂಗೆ ಬಗೆಕಟ್ಟು, ಟೈಪ್ ಎರರ್‌ಗೆ ಬಗೆತಪ್ಪು ಎಂದು ಸದ್ಯ ಇಟ್ಟುಕೊಂಡಿದ್ದೇನೆ.

ಸಿಕ್ಕಿಕೊಂಡಿರುವುದು ‘ವೆಲ್ ಟೈಪ್ಡ್’ (ಟೈಪ್‌ಗಳೆಲ್ಲ ಸರಿಹೊಂದಿದ) ಎಂಬಲ್ಲಿ. ಅದಕ್ಕೆ ಶಾಸ್ತ್ರದ ಒಂದು ಹಳೆಯ ಪದ ನೆನಪಾಗುತ್ತದೆ. ವಾಕ್ಯದಿಂದ ಅರ್ಥ ಹೊರಡಲು ಆಕಾಂಕ್ಷೆ (ಒಂದು ಪದ ಇನ್ನೊಂದನ್ನು ಬೇಡುವುದು), ಯೋಗ್ಯತೆ (ಪದಗಳ ಅರ್ಥ ಒಂದಕ್ಕೊಂದು ಹೊಂದುವುದು), ಸನ್ನಿಧಿ (ಪದಗಳು ಹತ್ತಿರ ಹತ್ತಿರ ಬರುವುದು) ಬೇಕು ಎನ್ನುತ್ತದೆ ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯಶಾಸ್ತ್ರ. ‘ಬೆಂಕಿಯಿಂದ ನೆನೆಸು’ ಎಂಬಲ್ಲಿ ವಿಭಕ್ತಿ ಸರಿ, ಕ್ರಿಯಾಪದ ಸರಿ. ನೆನೆಸುವ ಯೋಗ್ಯತೆ ಮಾತ್ರ ಬೆಂಕಿಗಿಲ್ಲ. ‘40 ಚೀಲವನ್ನು ಕ್ವಿಂಟಲ್ ದರದಿಂದ ಗುಣಿಸು’ ಎಂಬುದೂ ಹೀಗೆಯೇ ಅಲ್ಲವೇ? ವ್ಯಾಕರಣ ಸರಿಯಿದ್ದು ಯೋಗ್ಯತೆ ಇಲ್ಲದ ವಾಕ್ಯ. ಆದರೆ ಇವತ್ತಿನ ಕಿವಿಗೆ ಯೋಗ್ಯತೆ ಎಂದರೆ ‘ನಿನ್ನ ಯೋಗ್ಯತಾ ಎಷ್ಟು?’ ಎಂಬ ಬೈಗುಳ. ಹಾಗಾಗಿ ‘ಯೋಗ್ಯ ಪ್ರೋಗ್ರಾಂ’ ಎಂದರೆ ಒಳ್ಳೆಯ ಪ್ರೋಗ್ರಾಂ ಎಂದಷ್ಟೇ ಹುಡುಗರು ತಿಳಿದಾರು.

‘ಯೋಗ್ಯತೆ’ಯನ್ನು ಶಾಸ್ತ್ರದ ಅರ್ಥದಲ್ಲಿಯೇ ಮತ್ತೆ ಬಳಕೆಗೆ ತರಬಹುದೇ, ಅಥವಾ ‘ಬಗೆಹೊಂದಿದ’ ಎಂಬುದೇ ಸಾಕೇ? ‘ಬಗೆತಪ್ಪು’ ನಿಮ್ಮ ಕಡೆಯ ಕಿವಿಗೆ ಹೇಗೆ ಕೇಳಿಸುತ್ತದೆ? ಸಂಸ್ಕೃತ ವ್ಯಾಕರಣ ಓದಿದವರೂ ಕೋಡ್ ಬರೆಯುವವರೂ ಇಬ್ಬರೂ ಹೇಳಬೇಕು. ಸೋಮವಾರ ಇದೇ ಪಾಠ ಮುಂದುವರಿಯುತ್ತದೆ, ಅಷ್ಟರೊಳಗೆ ಬರೆದರೆ ಉಪಕಾರ.