ವೆನಮ್, ಪಾಯ್ಸನ್ ಎರಡೂ ‘ವಿಷ’ವೇನಾ? ಸಂಜೆಯೊಳಗೆ ಪದ ಬೇಕು

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇನೆ. ವಿಷದಿಂದ ಬಂದ ಔಷಧಿಗಳ ಬಗ್ಗೆ, ಎರಡು ಕಾಲಂ. ಒಂದರಲ್ಲಿ ಕಚ್ಚಿ, ಚುಚ್ಚಿ ಮೈಗೇರಿಸುವ ವಿಷ. ಬ್ರೆಜಿಲ್‌ನ ಜರಾರಾಕ ಎಂಬ ಮಂಡಲದ ಹಾವಿನ ವಿಷದ ಜಾಡು ಹಿಡಿದು ಕ್ಯಾಪ್ಟೋಪ್ರಿಲ್ ಎಂಬ ಬಿಪಿ ಮಾತ್ರೆ ಮಾಡಿದರಲ್ಲ (ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಸಿಕ್ಕಿತು), ಅಂಥವು. ಇನ್ನೊಂದರಲ್ಲಿ ತಿಂದರೆ ಏರುವ ವಿಷ. ಗೌರಿ ಹೂವಿನ ಗೆಡ್ಡೆಯ ಕಾಲ್ಚಿಸಿನ್ ಜಾಸ್ತಿಯಾದರೆ ಜೀವಕ್ಕೇ ಕುತ್ತು, ಅಳೆದು ಕೊಟ್ಟರೆ ಗೌಟ್ ಎಂಬ ಕೀಲುನೋವಿಗೆ ಔಷಧಿ. ಇಂಗ್ಲಿಷಿನಲ್ಲಿ ಮೊದಲನೆಯದು ವೆನಮ್, ಎರಡನೆಯದು ಪಾಯ್ಸನ್. ನಮ್ಮಲ್ಲಿ ಎರಡೂ ವಿಷವೇ. ತಲೆಬರಹ ಏನು ಹಾಕಲಿ? ಅಂಗಡಿಯವರು ಆರು ಗಂಟೆಯೊಳಗೆ ಕೇಳಿದ್ದಾರೆ.

ಚಿಕ್ಕಬಳ್ಳಾಪುರದಿಂದ:
ಕಚ್ಚುನಂಜು, ತಿನ್ನುನಂಜು. ಇದರಲ್ಲಿ ಚರ್ಚೆಗೇನಿದೆ? ವಿಷ ಸಂಸ್ಕೃತ, ನಂಜು ನಮ್ಮದು. ದೇವರಿಗೇ ನಂಜುಂಡ ಅಂತ ಹೆಸರಿಟ್ಟ ಜನ ನಾವು.

ಶಿರಾದಿಂದ:
ವಿಷಕಂಠಯ್ಯ ಅಂತಲೂ ಇಟ್ಟಿದ್ದೇವೆ ಸ್ವಾಮಿ. ನಮ್ಮ ಕಡೆ ನಂಜು ಅಂದರೆ ಗಾಯ ಕೀವಾಗೋದು. ಹುಣ್ಣಿದ್ದಾಗ ಬದನೆಕಾಯಿ ತಿನ್ನಬೇಡ, ನಂಜು ಅಂತಾರೆ. ‘ತಿನ್ನುನಂಜು’ ಅಂತ ಹಾಕಿದರೆ ನೋಡಿದವರಿಗೆ ನೆನಪಾಗೋದು ಬದನೆಕಾಯಿಯೇ. ಆಯುರ್ವೇದದಲ್ಲಿ ಪದ ಆಗಲೇ ಇದೆ: ಪ್ರಾಣಿಗಳದ್ದು ಜಂಗಮ ವಿಷ, ಗಿಡ, ಕಲ್ಲು, ಖನಿಜದ್ದು ಸ್ಥಾವರ ವಿಷ.

ತುಮಕೂರಿನಿಂದ:
ಸಾರ್, ಈ ಊರಲ್ಲಿ ‘ಜಂಗಮ ವಿಷ’ ಅಂತ ಬೋರ್ಡ್ ಹಾಕಿ ನಾನು ಮನೆಗೆ ಹೋಗೋದು ಹೇಗೆ? ಅದೂ ಅಲ್ಲದೆ ಲೆಕ್ಕ ಕೂಡಲ್ಲ. ವಿಷದ ಕಪ್ಪೆ ಪ್ರಾಣಿ, ಆದರೆ ಕಚ್ಚಿ ವಿಷ ಏರಿಸಲ್ಲ. ತುರಚೆ ಗಿಡ, ಆದರೆ ಚುಚ್ಚುತ್ತೆ.

ಮುಳಬಾಗಿಲಿನಿಂದ:
ನೀವೆಲ್ಲ ಎರಡು ಪದ ಹುಡುಕುತ್ತಿದ್ದೀರಿ. ಒಂದೇ ಪದದಲ್ಲಿ ವಿಷ, ಔಷಧಿ ಎರಡೂ ಕೂತಿರೋದು ಯಾರಿಗೂ ಕಾಣಲಿಲ್ವಾ? ಮದ್ದು! ಹಳಗನ್ನಡದಲ್ಲಿ ಮರ್ದು, ತಮಿಳಲ್ಲಿ ಮರುಂದು, ತೆಲುಗಲ್ಲಿ ಮಂದು. ಕೆಮ್ಮಿಗೂ ಮದ್ದು, ಟೊಮೇಟೊ ಹುಳಕ್ಕೆ ಹೊಡೆಯೋದೂ ಮದ್ದು, ಬಂಡೆ ಸಿಡಿಸೋದೂ ಮದ್ದು. ಇನ್ನು ಗಂಡನಿಗೆ ಸೊಸೆ ‘ಮದ್ದು ಹಾಕಿದ್ದಾಳೆ’ ಅಂತ ಅತ್ತೆ ಗೋಳಾಡೋದು ಯಾವ ಮದ್ದು? ತಮಾಷೆ ನೋಡಿ, ವೆನಮ್ ಹುಟ್ಟಿದ ಲ್ಯಾಟಿನ್ನಿನ ವೆನೇನಮ್‌ಗೂ ಮೊದಲಿಗೆ ವಶೀಕರಣದ ಮದ್ದು ಅಂತಲೇ ಅರ್ಥವಿತ್ತು ಅಂತಾರೆ, ವೀನಸ್ ಎಂಬ ಪ್ರೇಮದೇವತೆಯ ನಂಟು. ಪಾಯ್ಸನ್ ಅಂದರೆ ಮೂಲದಲ್ಲಿ ಬರೀ ‘ಕುಡಿಯೋದು’. ಅವರಲ್ಲೂ ಈ ಗೆರೆ ಹಿಂದೆ ಇರಲಿಲ್ಲ, ಆಮೇಲೆ ಎಳೆದುಕೊಂಡದ್ದು. ನಾವ್ಯಾಕೆ ಅದನ್ನೇ ತಿದ್ದಬೇಕು?

ಚಿಕ್ಕಬಳ್ಳಾಪುರದಿಂದ:
ಮದ್ದು ಒಪ್ಪಿದೆ. ಅದಕ್ಕೆ ಲ್ಯಾಟಿನ್ ಸಾಕ್ಷಿ ಯಾಕೆ ಬೇಕಿತ್ತು? ಪದ ಕೇಳಿದವರೇ ಫ್ಲೆಕ್ಸ್, ಕಾಲಂ, ಬೋರ್ಡ್ ಅಂತ ಬರೆದಿದ್ದಾರೆ. ಮೊದಲು ಅದಕ್ಕೆ ಮದ್ದು ಹುಡುಕಿ.

ಶಿರಾದಿಂದ:
ಫ್ಲೆಕ್ಸಿಗೆ ಕನ್ನಡ ಹೇಳಿ, ಅಂಗಡಿಗೆ ಹೋಗಿ ಅದನ್ನೇ ಕೇಳ್ತೀನಿ. ಏನು ಕೊಡ್ತಾರೋ ನೋಡೋಣ.

ಚಿಕ್ಕಬಳ್ಳಾಪುರದಿಂದ:
ನಿಮ್ಮಂಥವರಿಂದಲೇ ಕನ್ನಡಕ್ಕೆ ಈ ಗತಿ.

ಮುಳಬಾಗಿಲಿನಿಂದ:
ನಮ್ಮ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಇಂಗ್ಲಿಷ್. ಕನ್ನಡದ ಗತಿ ಚೆನ್ನಾಗೇ ಇದೆ ಬಿಡಿ.

ತುಮಕೂರಿನಿಂದ:
ಜಗಳ ಮುಂದುವರಿಸಿ, ನನ್ನದು ಮುಗಿಯಿತು. ಕಾಲಂಗಳಿಗೆ ‘ಕಚ್ಚುವ ವಿಷ’, ‘ತಿಂದರೆ ವಿಷ’ ಅಂತ ಕೊಟ್ಟೆ. ಸಮುದ್ರದ ಬಸವನಹುಳುವೊಂದರ ವಿಷದಿಂದ ಬಂದ ನೋವಿನ ಔಷಧಿ ಜೈಕೊನೊಟೈಡ್ (2004) ಕೂಡ ಮೊದಲನೆಯದರಲ್ಲೇ ಹಿಡಿಸಿತು. ಮೇಲೆ ದೊಡ್ಡದಾಗಿ ‘ವಿಷವೇ ಮದ್ದು’. ಈಗಷ್ಟೇ ಫ್ಲೆಕ್ಸ್ ಬಿಚ್ಚಿ ನೋಡಿದೆ. ಅಂಗಡಿಯವರು ‘ವಿಷವೇ ಮುದ್ದು’ ಅಂತ ಹೊಡೆದಿದ್ದಾರೆ. ಮುಳಬಾಗಿಲಿನವರೇ, ನಿಮ್ಮ ವೀನಸ್ ಕೆಲಸ ಇರಬೇಕು.