ಆಗಸ್ಟ್‌ಲಿ ಶ್ರೀಲಂಕಾ: ಐದು ದಿನ, ಅಮ್ಮನ ಮಂಡಿನೋವು, ಕಾಡಾನೆ

ತೀರ್ಥಹಳ್ಳಿ_ತೋಟ:
ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಸಿ ಮುಗಿದ್ಮೇಲೆ ಆಗಸ್ಟ್‌ಲಿ ಬಿಡುವು ಸಿಗ್ತದೆ, ಅಮ್ಮನ್ನ ಕರ್ಕೊಂಡು ಶ್ರೀಲಂಕಾ ಹೋಗ್ಬೇಕಂತಿದೀನಿ. ಅಮ್ಮಂಗೆ ಮಂಡಿನೋವು, ಆದ್ರೆ ಹಳೇ ದೇವಸ್ಥಾನ ಅಂದ್ರೆ ಜೀವ, ಬಳ್ಳಿಗಾವಿಗೆ ಎಷ್ಟು ಸಲ ಹೋದ್ರೂ ಸಾಕಾಗಲ್ಲ. ನಂಗೆ ಕಾಡಾನೆ ನೋಡ್ಬೇಕು, ಸಕ್ರೆಬೈಲಲ್ಲಿ ನೋಡಿದ್ದೆಲ್ಲ ಸಾಕಿದ್ದು. ಆಗಸ್ಟ್‌ಲಿ ಅಲ್ಲೂ ನಮ್ಮಂಗೇ ಮಳೆ ಹಿಡ್ಕೊಂಡಿರ್ತದಾ? ಐದೇ ದಿನದಲ್ಲಿ ಯಾಲಾ ರಾಷ್ಟ್ರೀಯ ಉದ್ಯಾನಾನೂ ಆಗ್ತದಾ?

ಸಾಗರ_ಹಿನ್ನೀರು:
ಮಳೆ ಚಿಂತೆ ಬಿಡಿ ಮಾರಾಯ್ರೆ. ಸಿಗಿರಿಯಾ ಬಂಡೆಕೋಟೆ, ಹಳೇ ರಾಜಧಾನಿ ಪೊಲೊನ್ನರುವ ಕಡೆ ಮುಖ್ಯ ಮಳೆ ಅಕ್ಟೋಬರ್ ಮೇಲೆ, ಹಿಂಗಾರಲ್ಲಿ. ಆಗಸ್ಟ್‌ಲಿ ಒಣಗಿರ್ತದೆ, ಅದಕ್ಕೇ ಮಿನ್ನೇರಿಯ ಕೆರೆಗೆ ಆನೆ ಬರೋದು. ಮಹಾಸೇನ ರಾಜ 3ನೇ ಶತಮಾನದಲ್ಲಿ ಗದ್ದೆಗೆ ನೀರಿಗಂತ ಕಟ್ಟಿಸಿದ ಕೆರೆ ಅದು. ನಮ್ಮ ಶರಾವತಿ ಹಿನ್ನೀರು ಇಳಿದ್ಮೇಲೆ ಎಳೆಹುಲ್ಲು ಬಂದು ದನ ಮೇಯ್ತಾವಲ್ಲ ಥೇಟ್ ಹಂಗೇ, ನೀರು ಸರಿದಂಗೆ ಹುಲ್ಲು ಚಿಗುರಿ ಒಳ್ಳೆ ವರ್ಷ 200-300 ಆನೆ ಸೇರ್ತಾವೆ. ಮಧ್ಯಾಹ್ನ ಮೂರರ ಮೇಲೆ ಜೀಪ್ ಮಾಡಿ. ನಾವು ಹೋದಾಗ ಒಂದು ತಾಯಾನೆ ಕಾಲಲ್ಲಿ ಹುಲ್ಲು ಕೆರೆದು ಕಿತ್ತು, ಸೊಂಡ್ಲಲ್ಲಿ ಹಿಡಿದು, ಮಣ್ಣುದುರೋವರೆಗೆ ಮುಂಗಾಲಿಗೆ ಬಡಿದು ಬಡಿದು ಬಾಯಿಗೆ ಹಾಕ್ತಿತ್ತು, ಮರಿ ಹೊಟ್ಟೆ ಕೆಳಗೆ ನಿಂತು ಬಿದ್ದಿದ್ದನ್ನ ಹೆಕ್ತಿತ್ತು. ಡ್ರೈವರ್‌ಗೆ ಮೊದ್ಲೇ ಹೇಳಿ, ಹತ್ರ ನುಗ್ಗೋದು ಬೇಡ ಅಂತ. ಯಾಲಾ ದಕ್ಷಿಣದ ತುದಿ, ಹೋಗಿ ಬರೋದ್ರಲ್ಲೇ ಎರಡು ದಿನ ಹೋಗ್ತದೆ, ಬಿಟ್ಬಿಡಿ.

ಶಿವಮೊಗ್ಗ_ಅಕ್ಕ:
ಅಮ್ಮನ್ನ ಸಿಗಿರಿಯಾ ತುದಿ ಹತ್ತಿಸ್ಬೇಡಿ ತಮ್ಮಾ. ಸುಮಾರು 1200 ಮೆಟ್ಟಿಲು, ಸಿಂಹದ ಪಂಜದ ದೊಡ್ಡ ಶಿಲ್ಪ ದಾಟಿದ್ಮೇಲೆ ಬಂಡೆಗಂಟಿದ ಕಬ್ಬಿಣದ ಮೆಟ್ಟಿಲು, ನಮ್ಮ ಕವಲೇದುರ್ಗ ಹತ್ತಿದಂಗಲ್ಲ. ನೀವು ಬೆಳಿಗ್ಗೆನೇ ಹತ್ತಿ ಬನ್ನಿ, ಅವ್ರು ಕೆಳಗೆ ಕಶ್ಯಪ ರಾಜನ ನೀರಿನ ತೋಟ ನೋಡ್ಕೊಂಡಿರ್ಲಿ. ಅವ್ರಿಗೆ ಪೊಲೊನ್ನರುವಕ್ಕೆ ಇಡೀ ಒಂದು ದಿನ ಕೊಡಿ, ಎಲ್ಲ ಸಮತಟ್ಟು, ವಾಹನದಲ್ಲೇ ಒಂದೊಂದು ಕಡೆ ಇಳಿದು ನೋಡ್ಬಹುದು. ಚೋಳರ ಕಾಲದ ಶಿವನ ಗುಡಿ ಇದೆ, ಕಲ್ಲಿಂದು, ಬಳ್ಳಿಗಾವಿ ನೋಡಿದವ್ರಿಗೆ ಖಂಡಿತ ಇಷ್ಟ ಆಗ್ತದೆ. ಅಲ್ಲೇ ಗಲ್ ವಿಹಾರದಲ್ಲಿ ಮಲಗಿರೋ ಬುದ್ಧನ ಮೂರ್ತಿಯ ದಿಂಬು ನೋಡಿ, ತಲೆ ಭಾರಕ್ಕೆ ದಿಂಬು ಸ್ವಲ್ಪ ತಗ್ಗಿದೆ, ಅದೂ ಬಂಡೆಕಲ್ಲಲ್ಲಿ, ನಾನು ಅಲ್ಲೇ ಅರ್ಧ ಗಂಟೆ ನಿಂತಿದ್ದೆ. ಚಪ್ಪಲಿ ಬಿಡ್ಬೇಕು, ಕಲ್ಲು ಕಾದಿರ್ತದೆ, ದಪ್ಪ ಸಾಕ್ಸ್ ಇಟ್ಕೊಳ್ಳಿ. ಬುದ್ಧಂಗೆ ಬೆನ್ನು ಹಾಕಿ ಫೋಟೊ ತೆಗೆಸ್ಕೋಬೇಡಿ.

ತೀರ್ಥಹಳ್ಳಿ_ತೋಟ:
ತುಂಬಾ ಉಪಕಾರ ಆಯ್ತು ಅಕ್ಕ, ದಿಂಬಿನ ವಿಷ್ಯ ಓದಿ ಹೇಳಿದ್ದೇ ಅಮ್ಮ ಈಗ್ಲೇ ಹೊರಟಂಗಿದಾರೆ. ಮಿನ್ನೇರಿಯದಲ್ಲಿ ಆನೆ ಇಲ್ದಿದ್ರೆ?

ಸಾಗರ_ಹಿನ್ನೀರು:
ಕೆರೆಗೆ ನೀರು ಜಾಸ್ತಿ ಬಿಟ್ಟಿದ್ರೆ ಹುಲ್ಲು ಮುಳುಗ್ತದೆ, ಆಗ ಆನೆ ಪಕ್ಕದ ಕವುಡುಲ್ಲ, ಹುರುಲು ಕಾಡಿನ ಕಡೆ ಹೋಗ್ತಾವೆ. ಅವತ್ತು ಬೆಳಿಗ್ಗೆ ಜೀಪಿನವ್ರ ಹತ್ರ ಕೇಳಿ, ಆಮೇಲೆ ಟಿಕೆಟ್ ಮಾಡ್ಸಿ.