ಜಮೈಕಾದ 'ಬ್ಯಾಪ್ಟಿಸ್ಟ್ ಯುದ್ಧ': ಪಾದ್ರಿಗಳ ಪಾಲೆಷ್ಟು?

ಪ್ರಶ್ನೆ:
ಗುಲಾಮಗಿರಿಯ ವಿಷಯಕ್ಕೆ ತಲೆಹಾಕಬೇಡಿ ಎಂದು ಲಂಡನ್ನಿನ ಬ್ಯಾಪ್ಟಿಸ್ಟ್ (ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ) ಮಿಷನ್ ಸಂಘವೇ ತನ್ನ ಪಾದ್ರಿಗಳಿಗೆ ತಾಕೀತು ಮಾಡಿತ್ತು. ಆದರೂ ಬ್ರಿಟಿಷರ ವಸಾಹತಾಗಿದ್ದ ಜಮೈಕಾದಲ್ಲಿ 1831ರಲ್ಲಿ ಗುಲಾಮರು ಎದ್ದ ದಂಗೆಗೆ 'ಬ್ಯಾಪ್ಟಿಸ್ಟ್ ಯುದ್ಧ' ಎಂಬ ಹೆಸರು ಯಾಕೆ ಬಂತು? ಗುಲಾಮಗಿರಿ ರದ್ದು ಮಾಡಿದ 1833ರ ಬ್ರಿಟಿಷ್ ಕಾನೂನಿಗೂ ಈ ಪಾದ್ರಿಗಳಿಗೂ ನಂಟಿದೆಯೇ?

ಉತ್ತರ 1:
ದಂಗೆ ಎಬ್ಬಿಸಿದ್ದು ಪಾದ್ರಿಗಳಲ್ಲ. ಆದರೆ ಅವರು ಕಟ್ಟಿದ ಏರ್ಪಾಡು ಅದಕ್ಕೆ ಒದಗಿಬಂತು. ಒಬ್ಬ ಪಾದ್ರಿ ಅಷ್ಟೊಂದು ತೋಟಗಳನ್ನು ಸುತ್ತಲಾರ. ಹಾಗಾಗಿ ಸಭೆಯ ಸದಸ್ಯರಿಗೆಲ್ಲ ಟಿಕೆಟ್, ಮೂರು ತಿಂಗಳಿಗೊಮ್ಮೆ ಅದರ ನವೀಕರಣ, ಗುಂಪಿಗೊಬ್ಬ ಲೀಡರ್. ಲೀಡರ್‌ಗಳಲ್ಲಿ ಬಹಳ ಮಂದಿ ಗುಲಾಮರೇ! ಪ್ರಾರ್ಥನೆಯ ಹೆಸರಲ್ಲಿ ತೋಟದಿಂದ ತೋಟಕ್ಕೆ ಸುದ್ದಿ ಹೋಗಲು ದಾರಿಯಾಯಿತು.

ಮಾಂಟೆಗೋ ಬೇಯ ಡೀಕನ್ (ಚರ್ಚಿನ ಸಹಾಯಕ ಮುಖಂಡ) ಸ್ಯಾಮ್ ಶಾರ್ಪ್ ಓದು ಬಲ್ಲವನು. ಪ್ರಾರ್ಥನೆ ಮುಗಿದ ಮೇಲೆ ನಂಬಿಕಸ್ಥರನ್ನು ಉಳಿಸಿಕೊಂಡು ಬೈಬಲ್ ಮುಟ್ಟಿಸಿ ಆಣೆ ಮಾಡಿಸುತ್ತಿದ್ದ: ಕ್ರಿಸ್‌ಮಸ್ ಕಳೆದ ಮೇಲೆ ಕೂಲಿ ಕೊಡದೆ ಕೆಲಸವಿಲ್ಲ. ಅವನ ಲೆಕ್ಕ ಮುಷ್ಕರದ್ದು. ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್ಟನ್ ಎಸ್ಟೇಟಿಗೆ ಬೆಂಕಿ ಬಿದ್ದದ್ದೇ ಲೆಕ್ಕ ತಪ್ಪಿತು, ಸೈನ್ಯ ಇಳಿಯಿತು. 300ಕ್ಕೂ ಹೆಚ್ಚು ಗುಲಾಮರಿಗೆ ಮರಣದಂಡನೆಯಾಯಿತು. ಶಾರ್ಪ್‌ನನ್ನು 1832ರ ಮೇ 23ರಂದು ಗಲ್ಲಿಗೇರಿಸಿದರು.

ಉತ್ತರ 2:
ಪಾದ್ರಿಗಳ ಬಾಯಿ ಬಿಡಿಸಿದ್ದು ತೋಟದ ಧಣಿಗಳೇ ಅನ್ನಬೇಕು. ದಂಗೆಯ ನಂತರ ಈ ಧಣಿಗಳ 'ಕಲೋನಿಯಲ್ ಚರ್ಚ್ ಯೂನಿಯನ್' ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಪ್ರಾರ್ಥನಾಲಯಗಳನ್ನು ಕೆಡವಿತು. ಅದರ ಮುಂದಾಳು ಜಾರ್ಜ್ ವಿಲ್ಸನ್ ಬ್ರಿಜಸ್, ಇವನೂ ಪಾದ್ರಿಯೇ, ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನವನು)! 'ಪ್ರೊಟೆಸ್ಟೆಂಟರು ಗುಲಾಮಗಿರಿಯ ವಿರುದ್ಧ ಇದ್ದರು' ಎಂದು ಸಾರಾಸಗಟಾಗಿ ಬರೆಯುವವರು ಇದನ್ನು ಮರೆಯುತ್ತಾರೆ. ಬಂಧನಕ್ಕೊಳಗಾಗಿ ಬಿಡುಗಡೆಯಾದ ಬ್ಯಾಪ್ಟಿಸ್ಟ್ ಪಾದ್ರಿ ವಿಲಿಯಂ ನಿಬ್ 1832ರಲ್ಲಿ ಇಂಗ್ಲೆಂಡಿಗೆ ಹೋಗಿ ಬಹಿರಂಗ ಸಭೆಗಳಲ್ಲಿ ಮಾತಾಡಿದ, ಸಂಸತ್ತಿನ ಎರಡೂ ಸದನಗಳ ಸಮಿತಿಗಳ ಮುಂದೆ ಸಾಕ್ಷಿ ಹೇಳಿದ. ಕಾನೂನು ಬಂದದ್ದು ಮರುವರ್ಷ. ಪರಿಹಾರದ 2 ಕೋಟಿ ಪೌಂಡ್ ಹೋದದ್ದು ಮಾತ್ರ ಒಡೆಯರಿಗೆ.

ಪ್ರಶ್ನೆ ಕೇಳಿದವರು:
ಅಂದರೆ ಕಾನೂನು ಜಾರಿಗೆ ಬಂದ 1834ರ ಆಗಸ್ಟ್ 1ಕ್ಕೆ ಎಲ್ಲರೂ ಸ್ವತಂತ್ರರೇ?

ಉತ್ತರ 1:
ಇಲ್ಲ. ಬಿಡುಗಡೆ ಸಿಕ್ಕಿದ್ದು 6 ವರ್ಷದೊಳಗಿನ ಮಕ್ಕಳಿಗೆ. ಉಳಿದವರು 'ಅಪ್ರೆಂಟಿಸ್'ಗಳು, ಹೊಲದಾಳುಗಳು ವಾರಕ್ಕೆ 45 ಗಂಟೆಯವರೆಗೆ ಬಿಟ್ಟಿ ದುಡಿಯಬೇಕು. ಅವರಿಗೆ 1840ರವರೆಗೆ ಎಂದಿದ್ದ ಈ ಪದ್ಧತಿ, ಹೋರಾಟದಿಂದಾಗಿ 1838ರ ಆಗಸ್ಟ್ 1ಕ್ಕೇ ಮುಗಿಯಿತು. ಆಗ ಧಣಿಗಳು ಗುಡಿಸಲಿಗೂ ತರಕಾರಿ ಬೆಳೆಯುವ ತುಂಡು ನೆಲಕ್ಕೂ ಬಾಡಿಗೆ ಕೇಳಿದರು, ಕೊಡದಿದ್ದರೆ ಹೊರಗೆ. ಇದಕ್ಕೆ ಬ್ಯಾಪ್ಟಿಸ್ಟರು ಕಂಡುಕೊಂಡ ಉಪಾಯ: ಪಾದ್ರಿಯೇ ಜಮೀನು ಕೊಂಡು, ಸೈಟು ಮಾಡಿ, ಬಿಡುಗಡೆಯಾದವರಿಗೆ ಮಾರುವುದು. ಜೇಮ್ಸ್ ಫಿಲಿಪ್ಪೋ ಸ್ಲೈಗೋವಿಲ್‌ನಲ್ಲಿ 1835ರಲ್ಲೇ ಜಾಗ ಕೊಂಡಿಟ್ಟಿದ್ದ.

ಉತ್ತರ 2:
ನಮ್ಮ ಕಡೆಯವರಿಗೊಂದು ಕೊಂಡಿ: 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನೇ 1843ರಲ್ಲಿ ಜಮೈಕಾದ ಮೊರೇವಿಯನ್ (ಇನ್ನೊಂದು ಪ್ರೊಟೆಸ್ಟೆಂಟ್ ಪಂಗಡ) ಕ್ರೈಸ್ತ ಕುಟುಂಬಗಳನ್ನು ಇಂದು ಘಾನಾ ಎನಿಸಿಕೊಳ್ಳುವ ಆಫ್ರಿಕಾದ ಗೋಲ್ಡ್ ಕೋಸ್ಟ್‌ನ ಅಕ್ರೊಪಾಂಗ್‌ಗೆ ಕರೆದೊಯ್ದು ನೆಲೆಗೊಳಿಸಿತು.